ಮೊದಲು ಹೊರಗೆ, ಆಮೇಲೆ ನಮಸ್ಕಾರ

ಚಾಮರಾಜಪೇಟೆ, ಮೊದಲ ಮಹಡಿ

ವಿಮಾನಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಆರು ವರ್ಷ ಪಾಠ ಹೇಳಿದವಳು ನಾನು. ಆ ಆರು ವರ್ಷದಲ್ಲಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಈಜು ಬಾರದವಳು ಬಾವಿಕಟ್ಟೆಯ ಮೇಲೆ ಕೂತು ಈಜು ಕಲಿಸಿದ ಹಾಗೆ ನನ್ನ ಕೆಲಸ.

ಅದಕ್ಕೂ ಮೊದಲು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕದ ನಡುವೆ ಖಾಸಗಿ ವಿಮಾನ ಕಂಪನಿಗಳು ಒಂದೊಂದಾಗಿ ಬಂದವು. ಗಗನಸಖಿಯರಾಗಬೇಕೆಂದು ನಮ್ಮ ಕಡೆಯ ಹುಡುಗಿಯರೂ ಮುಂದೆ ಬಂದರು. ವಾಯುಪಡೆಯಿಂದ ನಿವೃತ್ತರಾಗಿದ್ದ ಮೂರ್ತಿಯವರು ಚಾಮರಾಜಪೇಟೆಯಲ್ಲಿ ಒಂದು ಗ್ರಂಧಿಗೆ ಅಂಗಡಿಯ ಮೇಲಿನ ಮಹಡಿ ಬಾಡಿಗೆ ಹಿಡಿದು ತರಬೇತಿ ಶಾಲೆ ತೆರೆದರು. ಗಾಳಿಯ ಒತ್ತಡ, ಆಮ್ಲಜನಕ, ಬೆಂಕಿ ಇವನ್ನೆಲ್ಲ ಕನ್ನಡ ಬೆರೆಸಿ ಹೇಳಿಕೊಡುವ ಮೇಷ್ಟರು ಬೇಕಿತ್ತು. ನಾನು ಸಿಕ್ಕಿದೆ.

ಹಿಂದಿನ ಕೋಣೆಯಲ್ಲಿ ನಮ್ಮದೇ ಒಂದು ವಿಮಾನ ಇತ್ತು. ಗುಜರಿಯಿಂದ ತಂದ ಬಸ್ಸಿನ ಸೀಟುಗಳು, ಪ್ಲೈವುಡ್ಡಿನ ಬಾಗಿಲು, ಬಾಗಿಲಾಚೆ ನೆಗೆಯಲು ಎರಡು ಹತ್ತಿಯ ಹಾಸಿಗೆ. ಹುಡುಗಿಯರು ಒಳಗೆ ಬರುವ ಮುಂಚೆ ಚಪ್ಪಲಿ ಬಿಟ್ಟು ಸಾಲಾಗಿ ಜೋಡಿಸುತ್ತಿದ್ದರು. ಅಭ್ಯಾಸದ ನಡುವೆ ಒಬ್ಬಳ ಕಾಲು ಇನ್ನೊಬ್ಬಳಿಗೆ ತಾಗಿದರೆ, ನಾವೆಲ್ಲ ಮಾಡುವ ಹಾಗೆ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ಒಳ್ಳೆಯ ಮನೆಯ ಮಕ್ಕಳು ಎಂದು ನನಗೆ ಖುಷಿ. ನಾನು ಕೊಡುತ್ತಿದ್ದ ನೋಟ್ಸಿನಲ್ಲೂ ಅದೇ ಧಾಟಿ: ಬಿದ್ದವರನ್ನು ಕೈಹಿಡಿದು ಎತ್ತಿ, ಹಿರಿಯರಿಗೆ ದಾರಿ ಬಿಡಿ, ದನಿ ಏರಿಸದೆ ಸೂಚನೆ ಕೊಡಿ. ಇಂಗ್ಲಿಷ್ ಪುಸ್ತಕದಲ್ಲಿ ಇನ್ನೂ ಒರಟಾಗಿ ಬರೆದಿತ್ತು. ಅದು ಅವರ ಕಡೆಯ ಒರಟುತನ ಎಂದುಕೊಂಡು ನಾನೇ ಮೆತ್ತಗೆ ಮಾಡಿದ್ದೆ.

ಮಂಜುಳಾ ಎಂಬ ಹುಡುಗಿ ಮಾತ್ರ ಒಂದು ದಿನ ಎದ್ದು ನಿಂತು ಕೇಳಿದಳು. "ಮೇಡಂ, ನೀವು ಎಷ್ಟು ಸಲ ಫ್ಲೈಟಲ್ಲಿ ಹೋಗಿದೀರಾ?" ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ ಇಟ್ಟವರ ಮಗಳು, ಕಣ್ಣು ಚುರುಕು. "ಅದೆಲ್ಲ ಆಮೇಲೆ, ಮೊದಲು ಒತ್ತಡದ ಚಿತ್ರ ಬರ್ಕೋ" ಎಂದು ಬೋರ್ಡಿನ ಕಡೆ ತಿರುಗಿದೆ. ಮುಂದೆ ಅವಳಿಗೆ ಕೆಲಸ ಸಿಕ್ಕಿತು. ಆ ಪ್ರಶ್ನೆ ಮಾತ್ರ ನನ್ನ ಬೆನ್ನ ಹಿಂದೆಯೇ ಉಳಿಯಿತು.

ಆಮೇಲೆ ವಿಮಾನಯಾನ ಇಲಾಖೆಯಿಂದ ಹೊಸ ಷರತ್ತು ಬಂತು. ಹೊಗೆ ತುಂಬಿದ ಕ್ಯಾಬಿನ್ನಿನಲ್ಲಿ ಸ್ವತಃ ತರಬೇತಿ ಪಡೆದು ಪ್ರಮಾಣಪತ್ರ ತಂದ ಶಿಕ್ಷಕರು ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ತುರ್ತು ತರಬೇತಿಯ ತರಗತಿ ನಡೆಸುವ ಹಾಗಿಲ್ಲ. ಹದಿನೆಂಟು ಹುಡುಗಿಯರು ಆಗಲೇ ಸೇರಿಬಿಟ್ಟಿದ್ದರು. ಮೂರ್ತಿಯವರಿಗೆ ಮಂಡಿನೋವು.

"ನೀವೇ ಹೋಗ್ಬನ್ನಿ ರತ್ನಾವ್ರೇ. ಹಾಲೆಂಡಲ್ಲಿ ಹತ್ತು ದಿನ. ನಿಮಗೆ ಗೊತ್ತಿಲ್ದೇ ಇರೋದು ಅಲ್ಲೇನಿರತ್ತೆ?" ಎಂದರು.

ಗೊತ್ತಿಲ್ಲದೆ ಇರುವುದು ಏನೇನು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅಂದಿನಿಂದ ನನ್ನ ನಿದ್ದೆ ಹೋಯಿತು.

ಒಂಬತ್ತು ಸಾಲು ಹಿಂದೆ

ಮುಂಬಯಿಯಲ್ಲಿ ಇಳಿದು ದೊಡ್ಡ ವಿಮಾನ ಹತ್ತಬೇಕಿತ್ತು. ಬೆಂಗಳೂರಿನಿಂದ ಮುಂಬಯಿಯವರೆಗಿನ ಪ್ರಯಾಣದ ಬಗ್ಗೆ ಬರೆಯಲು ಏನೂ ಇಲ್ಲ, ಏಕೆಂದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂತ ನಾನು ಕಣ್ಣು ಬಿಟ್ಟಿರಲಿಲ್ಲ. ದೊಡ್ಡ ವಿಮಾನದಲ್ಲಿ ಹಾಗೆ ಮಾಡಬಾರದೆಂದು ನಿಶ್ಚಯಿಸಿದೆ. ಕೂತ ಕೂಡಲೇ ಸಾಲು ಎಣಿಸಿದೆ. ಹಿಂದಿನ ಬಾಗಿಲು ಒಂಬತ್ತು ಸಾಲು, ಮುಂದಿನದು ಹದಿಮೂರು. ಕತ್ತಲಲ್ಲೂ ಹೊಗೆಯಲ್ಲೂ ಸೀಟಿನ ಬೆನ್ನು ಮುಟ್ಟಿಕೊಂಡೇ ಬಾಗಿಲು ತಲುಪಬೇಕಾದ್ದರಿಂದ ಈ ಲೆಕ್ಕ. ಸೀಟಿನ ಕೆಳಗೆ ಜೀವರಕ್ಷಕ ಕವಚ ಇದೆಯೇ ಎಂದು ಕೈ ಹಾಕಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ಗುಜರಾತಿ ಅಜ್ಜಿ, ಏನೋ ಬೀಳಿಸಿಕೊಂಡಳು ಪಾಪ ಎಂದು ತಾವೂ ಬಗ್ಗಿ ಹುಡುಕತೊಡಗಿದರು.

ಗಗನಸಖಿ ಸುರಕ್ಷತೆಯ ಸೂಚನೆ ಕೊಡಲು ನಿಂತಳು. ಇಡೀ ವಿಮಾನದಲ್ಲಿ ಕೇಳುತ್ತಿದ್ದವಳು ನಾನೊಬ್ಬಳೇ. ಉಳಿದವರು ಪತ್ರಿಕೆ ಓದಿದರು, ಕಂಬಳಿ ಬಿಡಿಸಿದರು, ಮಕ್ಕಳನ್ನು ಗದರಿದರು. ಪರೀಕ್ಷಕರ ಹಾಗೆ ನಾನು ನೆಟ್ಟ ನೋಟದಲ್ಲಿ ನೋಡುತ್ತಿದ್ದುದರಿಂದ ಆ ಹುಡುಗಿ ಬೆಲ್ಟಿನ ಕೊಂಡಿಯನ್ನು ಎರಡು ಸಲ ತಪ್ಪಾಗಿ ಹಾಕಿದಳು.

ವಿಮಾನ ಏರುತ್ತಿದ್ದ ಹಾಗೆ ನನ್ನ ಎರಡೂ ಕಿವಿ ಮುಚ್ಚಿಹೋದವು. ಕ್ಯಾಬಿನ್ನಿನ ಒತ್ತಡ ಕುಸಿಯುವ ಬಗ್ಗೆ ನಾನು ನಲವತ್ತು ಪುಟ ನೋಟ್ಸ್ ಕೊಟ್ಟವಳು. ಒತ್ತಡ ಹೋಯಿತು, ಇನ್ನು ಆಮ್ಲಜನಕದ ಮುಖವಾಡ ಬೀಳುತ್ತದೆ ಎಂದು ಮೇಲೆ ನೋಡುತ್ತಾ, ಎರಡೂ ಕೈ ಎತ್ತಿಕೊಂಡು ಕಾದೆ. ಏನೂ ಬೀಳಲಿಲ್ಲ. ಅಜ್ಜಿ ನನ್ನ ಕೈಗಳನ್ನು ಹಿಡಿದು ಇಳಿಸಿ, ಒಂದು ಹುಳಿ ಪೆಪ್ಪರಮಿಂಟು ಬಾಯಿಗೆ ಹಾಕಿದರು. "ನುಂಗು ಮಗಳೇ, ಕಿವಿ ಬಿಡುತ್ತೆ" ಎಂದು ಹಿಂದಿಯಲ್ಲಿ ಹೇಳಿದರು. ನುಂಗಿದೆ. ಬಿಟ್ಟಿತು. ಆ ನಲವತ್ತು ಪುಟದಲ್ಲಿ ಕಿವಿಯ ಸುದ್ದಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಜ್ಜಿ ಆಮೇಲೆ ನನ್ನ ಕೆಲಸ ಏನೆಂದು ವಿಚಾರಿಸಿದರು. ಬ್ಯಾಂಕು ಎಂದು ಸುಳ್ಳು ಹೇಳಿದೆ.

ರೀಟ್ ಮನೆಯ ಮೆಟ್ಟಿಲು

ತರಬೇತಿ ಕೇಂದ್ರ ಇದ್ದದ್ದು ಒಂದು ಸಣ್ಣ ಊರಿನ ಅಂಚಿನಲ್ಲಿ. ಉಳಿಯಲು ಒಂದು ಮನೆಯ ಮೇಲಿನ ಕೋಣೆ ಗೊತ್ತುಮಾಡಿದ್ದರು. ಮನೆಯೊಡತಿ ರೀಟ್, ಅರವತ್ತೈದರ ಹೆಂಗಸು, ನನಗಿಂತ ಒಂದು ಮೊಳ ಎತ್ತರ. ಗಂಡ ಕೇಸ್, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತು ದಾಟಿದವರು, ಮಾತು ಕಡಿಮೆ. ಇಬ್ಬರಿಗೂ ಇಂಗ್ಲಿಷ್ ಬರುತ್ತಿದ್ದುದು ನನ್ನ ಪುಣ್ಯ.

ಆ ಮನೆಯ ಮೆಟ್ಟಿಲು ನೋಡಿ ನನ್ನ ಜೀವ ಬಾಯಿಗೆ ಬಂತು. ನಮ್ಮಲ್ಲಿ ಅಟ್ಟಕ್ಕೆ ಇಡುವ ಏಣಿಯೇ ಅದಕ್ಕಿಂತ ವಾಸಿ. ಅರ್ಧ ಪಾದ ಮಾತ್ರ ಹಿಡಿಸುವ ಹಲಗೆಗಳು, ನೆಟ್ಟಗೆ ಮೇಲಕ್ಕೆ. ಇಡೀ ಊರಿನ ಹಳೆಯ ಮನೆಗಳೆಲ್ಲ ಹಾಗೆಯೇ. ಮಂಚ, ಬೀರು ಯಾವುದೂ ಮೆಟ್ಟಿಲಲ್ಲಿ ಹಿಡಿಸುವುದಿಲ್ಲವಾದ್ದರಿಂದ ಮಾಳಿಗೆಯ ನೆತ್ತಿಗೊಂದು ಕೊಕ್ಕೆ ಇಟ್ಟು, ಹಗ್ಗ ಕಟ್ಟಿ, ಕಿಟಕಿಯಿಂದ ಎಳೆದುಕೊಳ್ಳುತ್ತಾರಂತೆ. ಕೇಸ್ ದಿನವೂ ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. "ಬಿದ್ದಿಲ್ಲವೇ ಯಾವತ್ತೂ?" ಎಂದು ಕೇಳಿದೆ. "ಎರಡು ಸಲ" ಎಂದರು, ಬಸ್ಸು ತಡವಾಯಿತು ಅನ್ನುವ ಹಾಗೆ. ವಿಮಾನದ ಸುರಕ್ಷತೆಗೆ ಪ್ರಪಂಚಕ್ಕೇ ಪಾಠ ಹೇಳುವ ಜನ ಮನೆಯಲ್ಲಿ ಇಂಥ ಮೆಟ್ಟಿಲು ಇಟ್ಟುಕೊಂಡಿದ್ದಾರಲ್ಲ ಎಂದು ಸಿಟ್ಟೂ ಬಂತು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಶಿವನೇ ಎನ್ನುತ್ತಾ ಹತ್ತಿ ಇಳಿದೆ.

ಇನ್ನೊಂದು ವಿಚಿತ್ರ ಅವರ ಬಿಸ್ಕತ್ತಿನ ಡಬ್ಬಿ. ಕಾಫಿ ಕೊಟ್ಟು ಡಬ್ಬಿ ಮುಂದೆ ಹಿಡಿಯುತ್ತಾರೆ. ನೀವು ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಟಪ್ಪೆಂದು ಮುಚ್ಚುತ್ತದೆ. ನಮ್ಮಲ್ಲಿ ಹೀಗೆ ಮಾಡಿದರೆ ಬೀಗರು ಮೂರು ತಲೆಮಾರು ಆಡಿಕೊಂಡಾರು. ನಮ್ಮ ಕಡೆಯ ಧಾರಾಳ ತೋರಿಸೋಣವೆಂದು ವಿಶ್ವೇಶ್ವರಪುರದಿಂದ ಕಟ್ಟಿಸಿಕೊಂಡು ಹೋಗಿದ್ದ ಕೋಡುಬಳೆಯನ್ನೆಲ್ಲ ತಟ್ಟೆಗೆ ಸುರಿದು ಕೇಸ್ ಮುಂದೆ ಇಟ್ಟೆ. ಅವರು ಒಂದು ತೆಗೆದುಕೊಂಡು, ಉಳಿದದ್ದನ್ನು ಎಣಿಸಿದ ಹಾಗೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ಆದರೆ ಮಾರನೆಯ ದಿನ ಅದೇ ಹೊತ್ತಿಗೆ ಡಬ್ಬಿಯ ಹತ್ತಿರ ಬಂದು ಕೂತಿದ್ದರು.

ಹೊಗೆ

ಕೇಂದ್ರದ ತರಬೇತುದಾರ ಹೆಂಕ್. ಹದಿನೈದು ವರ್ಷ ಅಗ್ನಿಶಾಮಕ ದಳದಲ್ಲಿದ್ದವನು, ಹುಬ್ಬಿನ ಒಂದು ತುದಿ ಸುಟ್ಟು ಮತ್ತೆ ಬೆಳೆದಿರಲಿಲ್ಲ. ನಾವು ಏಳು ಜನ ಬೇರೆ ಬೇರೆ ದೇಶದವರು. ಎಲ್ಲರಿಗೂ ದೊಗಲೆ ಮೇಲಂಗಿ ಮತ್ತು ಷರಾಯಿ ಒಂದಾದ ಕೆಂಪು ಉಡುಪು ಕೊಟ್ಟರು. ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಸೀರೆ ಬಿಟ್ಟು ಬೇರೆ ತೊಟ್ಟೆ. ಕನ್ನಡಿಯಲ್ಲಿ ನೋಡಿದರೆ ಗ್ಯಾಸ್ ಸಿಲಿಂಡರಿಗೆ ತಲೆ ಬಂದ ಹಾಗಿದ್ದೆ.

ಮೊದಲ ಪಾಠವೇ ಕೂಗುವುದು. ವಿಮಾನ ನಿಂತ ಮೇಲೆ ತೊಂಬತ್ತು ಸೆಕೆಂಡಿನೊಳಗೆ ಎಲ್ಲರೂ ಹೊರಗಿರಬೇಕು. ಅದಕ್ಕೆ ಬಾಗಿಲಲ್ಲಿ ನಿಂತವಳು ಗಂಟಲು ಹರಿಯುವ ಹಾಗೆ ಕೂಗಬೇಕು. ನನ್ನ ಸರದಿ ಬಂದಾಗ, "ದಯವಿಟ್ಟು ಈ ಕಡೆ ಬನ್ನಿ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಹೆಂಕ್ ಕಿವಿಗೆ ಕೈ ಇಟ್ಟುಕೊಂಡ. "ಬೆಂಕಿಗೆ ದಯವಿಟ್ಟು ಎಂದರೆ ಅರ್ಥವಾಗುವುದಿಲ್ಲ" ಎಂದ. ಅಲ್ಲಿಯ ಜನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ. ನಮ್ಮಲ್ಲಾದರೆ ‘ಇನ್ನೂ ಸ್ವಲ್ಪ ಅಭ್ಯಾಸ ಆಗ್ಬೇಕು ನೋಡಿ’ ಎಂದು ಬೆಲ್ಲ ಸವರುತ್ತಿದ್ದರು. ದಿನವೂ ಊಟದ ಬಿಡುವಿನಲ್ಲಿ ಪಕ್ಕದ ಮೈದಾನದ ಕಡೆ ಮುಖ ಮಾಡಿ ಕೂಗುವುದು ನನ್ನ ಶಿಕ್ಷೆಯಾಯಿತು. ಮೇಯುತ್ತಿದ್ದ ಹಸುಗಳು ತಲೆ ಎತ್ತಿದರೆ ಸಾಕು ಎಂದಿದ್ದ ಹೆಂಕ್. ನಾಲ್ಕು ದಿನ ಒಂದು ಹಸುವೂ ತಲೆ ಎತ್ತಲಿಲ್ಲ.

ಏಳನೆಯ ದಿನ ಪರೀಕ್ಷೆ. ವಿಮಾನದ ಒಳಭಾಗದಂತೆಯೇ ಕಟ್ಟಿದ ಕ್ಯಾಬಿನ್, ಅದರ ತುಂಬ ಬಿಳಿ ಹೊಗೆ, ಒಂದೇ ಬಾಗಿಲು, ಬಾಗಿಲಾಚೆ ಗಾಳಿ ತುಂಬಿದ ಜಾರುಬಂಡೆ. ಪ್ರಯಾಣಿಕರಾಗಿ ಕೂರಲು ಊರಿನ ನಿವೃತ್ತರು ಬರುತ್ತಾರೆ. ಕಾಫಿ, ಒಂದು ತುಂಡು ಕೇಕು, ಹೊತ್ತು ಹೋಗುತ್ತದೆ. ಅವರಲ್ಲಿ ನಮ್ಮ ಮನೆಯ ಕೇಸ್ ಕೂಡ ಒಬ್ಬರು. ಅದು ನನಗೆ ಗೊತ್ತಿರಲಿಲ್ಲ.

ದೀಪ ಆರಿತು. ಗಂಟೆ ಬಾರಿಸಿತು. ಬಾಗಿಲು ತೆಗೆದೆ, ಕೂಗಿದೆ, ಜನ ಒಬ್ಬರ ಹಿಂದೆ ಒಬ್ಬರು ನೆಗೆಯತೊಡಗಿದರು. ಪರವಾಗಿಲ್ಲವೇ ನಾನು ಎಂದುಕೊಳ್ಳುವಷ್ಟರಲ್ಲಿ ಯಾರೋ ಬಾಗಿಲ ಹತ್ತಿರ ಎಡವಿ ಬಿದ್ದರು. ಜಾಗ ಬಿಡಲು ಹಿಂದೆ ಸರಿದೆ. ನನ್ನ ಬೂಟುಗಾಲು ಮೆತ್ತಗಿನ ಏನಕ್ಕೋ ತಾಗಿತು. ಬಗ್ಗಿ ನೋಡಿದರೆ ಹೊಗೆಯಲ್ಲಿ ಕೇಸ್ ಅವರ ನರೆತ ತಲೆ, ನನ್ನ ಕಾಲು ಅವರ ಭುಜದ ಮೇಲೆ. ಅಪ್ಪನ ವಯಸ್ಸಿನವರು. ದಿನಾ ಅವರ ಮನೆಯ ಅನ್ನ ತಿನ್ನುತ್ತಿದ್ದೇನೆ.

ಆಮೇಲೆ ನಡೆದದ್ದು ನಾನು ಯೋಚಿಸಿ ಮಾಡಿದ್ದಲ್ಲ. ಬಗ್ಗಿದೆ, ಅವರ ಭುಜ ಮುಟ್ಟಿದೆ, ಕೈಯನ್ನು ಕಣ್ಣಿಗೊತ್ತಿಕೊಂಡೆ. ಒಂದು ಕಣ್ಣಿಗಲ್ಲ, ಎರಡೂ ಕಣ್ಣಿಗೆ. ಹಿಂದಿನಿಂದ ಓಡಿ ಬರುತ್ತಿದ್ದ ಹೆಂಗಸು ಬಗ್ಗಿದ್ದ ನನ್ನ ಮೇಲೆ ಬಿದ್ದಳು. ಅವಳ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಬಾಗಿಲು ಮುಚ್ಚಿಹೋಯಿತು. ಶಿಳ್ಳೆ ಕೇಳಿಸಿತು, ದೀಪ ಹತ್ತಿತು.

ಹೊಗೆ ಕರಗಿದ ಮೇಲೆ ಹೆಂಕ್ ಒಳಗೆ ಬಂದು ಹೊರಗೆ ಹೋಗದೆ ಉಳಿದವರನ್ನು ಬೆರಳು ಮಾಡಿ ಎಣಿಸಿದ. "ಹನ್ನೊಂದು ಜನ ಸತ್ತರು" ಎಂದ. "ಯಾಕೆ ಬಗ್ಗಿದಿರಿ? ಏನಾದರೂ ಬೀಳಿಸಿಕೊಂಡಿರಾ?"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಹೊಗೆ ಹಾಕಿದರೂ ಹೋಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಹೆಂಕ್ ಉತ್ತರಕ್ಕೆ ಕಾಯಲಿಲ್ಲ. ಮೂರು ದಿನ ಬಿಟ್ಟು, ಕೊನೆಯ ದಿನ, ಇನ್ನೊಂದೇ ಒಂದು ಅವಕಾಶ ಎಂದು ಕಾಗದದಲ್ಲಿ ಬರೆದು ಕೈಗೆ ಕೊಟ್ಟ.

ಅಂಚೆ ಕಚೇರಿಯ ಮುಂದಿನ ಫೋನು

ಅಂದೇ ಕಾರ್ಡು ಹಾಕಿ ಮೂರ್ತಿಯವರಿಗೆ ಫೋನು ಮಾಡಿದೆ. ಫೇಲಾದೆ ಎಂದು ಹೇಳಬೇಕೆಂದೇ ಮಾಡಿದ್ದು. ಅವರು ನನಗೆ ಮಾತಾಡಲು ಬಿಡಲಿಲ್ಲ.

"ರತ್ನಾವ್ರೇ, ಇವತ್ತು ನಮ್ಮ ಮಂಜುಳಾ ಬಂದಿದ್ಲು. ಯೂನಿಫಾರ್ಮಲ್ಲೇ ಬಂದಿದ್ಲು ಕಣ್ರೀ! ಹೊಸ ಹುಡುಗೀರೆಲ್ಲ ಸುತ್ತ ಮುತ್ಕೊಂಡ್ರು. ಏನಂದ್ಲು ಗೊತ್ತಾ? ಮೇಡಂ ಹೇಳ್ಕೊಟ್ಟಿದ್ದು ಒಂದಕ್ಷರಾನೂ ಮರ್ತಿಲ್ಲ ಸಾರ್ ಅಂದ್ಲು."

ಒಂದಕ್ಷರವೂ ಮರೆತಿಲ್ಲ. ಬಿದ್ದವರನ್ನು ಎತ್ತಿ, ಹಿರಿಯರಿಗೆ ದಾರಿ ಬಿಡಿ, ದನಿ ಏರಿಸಬೇಡಿ. ಕಾಲು ತಾಗಿದರೆ ಬಗ್ಗಿ ಕಣ್ಣಿಗೊತ್ತಿಕೊಳ್ಳಿ ಎಂದು ನಾನು ಬರೆಸಿರಲಿಲ್ಲ, ನಿಜ. ಆದರೆ ಅವರು ಮಾಡುವಾಗ ನೋಡುತ್ತಾ, ತಲೆದೂಗುತ್ತಾ ನಿಂತಿದ್ದೆ. ಮಂಜುಳಾಳಂಥವರು ಮೂವತ್ತಕ್ಕೂ ಹೆಚ್ಚು ಜನ ಆಗಲೇ ಬೇರೆ ಬೇರೆ ವಿಮಾನಗಳ ಬಾಗಿಲಲ್ಲಿ ನಿಂತಿದ್ದಾರೆ. ಯಾವತ್ತೋ ಒಂದು ದಿನ ಹೊಗೆ ತುಂಬುತ್ತದೆ, ಯಾರದೋ ಕಾಲು ಯಾರಿಗೋ ತಾಗುತ್ತದೆ, ನನ್ನ ಹುಡುಗಿ ಬಗ್ಗುತ್ತಾಳೆ. ಅಲ್ಲಿ ಶಿಳ್ಳೆ ಊದುವವರು ಯಾರೂ ಇರುವುದಿಲ್ಲ.

"ಹಲೋ, ಇದೀರಾ? ನಿಮ್ ಪರೀಕ್ಷೆ ಏನಾಯ್ತು?"

"ಇನ್ನೊಂದಿದೆ ಸಾರ್" ಎಂದಷ್ಟೇ ಹೇಳಿ ಇಟ್ಟೆ. ಅಲ್ಲಿಯವರೆಗೆ ನನಗಿದ್ದದ್ದು ಮಾನದ ಹೆದರಿಕೆ. ಶಾಲೆ ನಿಂತುಹೋದರೆ, ಜನ ನಕ್ಕರೆ ಎನ್ನುವ ಹೆದರಿಕೆ. ಆ ಫೋನು ಇಟ್ಟ ಮೇಲೆ ಬಂದದ್ದು ಬೇರೆಯೇ ಹೆದರಿಕೆ. ಮಳೆಯಲ್ಲಿ ನೆನೆಯುತ್ತಿದ್ದೇನೆ ಎನ್ನುವುದೂ ತಿಳಿಯದೆ ಮನೆಯವರೆಗೆ ನಡೆದೆ.

ಭಾನುವಾರದ ಹುಟ್ಟುಹಬ್ಬ

ಮಾರನೆಯ ದಿನ ರೀಟ್ ಹುಟ್ಟುಹಬ್ಬ. ನೆಂಟರಿಷ್ಟರು ಬಂದು ಕುರ್ಚಿಗಳನ್ನು ದುಂಡಗೆ ಹಾಕಿ ಕೂತರು. ಬಂದವರು ರೀಟ್‌ಗೆ ಅಭಿನಂದನೆ ಹೇಳಿದ್ದು ಸರಿ. ಆಮೇಲೆ ಕೇಸ್ ಕೈ ಕುಲುಕಿ, "ನಿಮ್ಮ ಹೆಂಡತಿಗಾಗಿ ನಿಮಗೆ ಅಭಿನಂದನೆ" ಎಂದರು. ರೀಟ್ ತಂಗಿಗೆ, "ನಿಮ್ಮ ಅಕ್ಕನಿಗಾಗಿ ಅಭಿನಂದನೆ." ಕೊನೆಗೆ ನನ್ನ ಕೈಯನ್ನೂ ಕುಲುಕಿ, "ನಿಮ್ಮ ಮನೆಯೊಡತಿಗಾಗಿ ಅಭಿನಂದನೆ." ಇಡೀ ದುಂಡಿನಲ್ಲಿ ಅಭಿನಂದನೆ ಸಿಗದೆ ಉಳಿದದ್ದು ಬೆಕ್ಕು ಮಾತ್ರ. ನಮ್ಮಲ್ಲಿ ಮದುವೆ ಮನೆಯಲ್ಲಿ ಹುಡುಗಿಯ ಸೋದರತ್ತೆಯನ್ನು ಮಾತಾಡಿಸಲಿಲ್ಲ ಎಂದು ಜಗಳವಾಗುತ್ತದಲ್ಲ, ಈ ಪದ್ಧತಿ ಇದ್ದಿದ್ದರೆ ಎಷ್ಟು ಸಂಸಾರ ಉಳಿಯುತ್ತಿತ್ತೋ ಎನಿಸಿತು.

ಎಲ್ಲರೂ ಹೋದ ಮೇಲೆ ಕೇಸ್ ಕೋಡುಬಳೆ ಡಬ್ಬಿ ತೆಗೆದು, ಒಂದು ತಾವು ತೆಗೆದುಕೊಂಡು, ನನಗೂ ಒಂದು ಕೊಟ್ಟು ಕೇಳಿದರು. "ನಿನ್ನೆ ಯಾಕೆ ನನ್ನ ಭುಜ ಮುಟ್ಟಿದಿರಿ?"

ಹೇಳಿದೆ. ನಮ್ಮಲ್ಲಿ ಕಾಲು ಯಾರಿಗೂ ತಾಗಬಾರದು; ತಾಗಿದರೆ ಅವರೊಳಗಿನ ದೇವರಿಗೆ ಅವಮಾನ ಮಾಡಿದ ಹಾಗೆ, ಆ ಕ್ಷಣವೇ ಮುಟ್ಟಿ ಕ್ಷಮೆ ಕೇಳಬೇಕು, ಪುಸ್ತಕಕ್ಕೆ ತಾಗಿದರೂ ಹಾಗೆಯೇ ಎಂದೆ. ಮಂಜುಳಾಳ ವಿಷಯವನ್ನೂ ಹೇಳಿ ಅತ್ತುಬಿಟ್ಟೆ.

ಕೇಸ್ ತುಂಬ ಹೊತ್ತು ಕೋಡುಬಳೆ ಕಡಿದರು. ಅವರ ಹಲ್ಲಿಗೆ ಅದು ಬೇಗ ಮುಗಿಯುವ ಕೆಲಸವಲ್ಲ.

"ಒಳ್ಳೆಯ ಪದ್ಧತಿ, ಬಿಡಬೇಡಿ" ಎಂದರು. "ಆದರೆ ಆ ಕ್ಷಣವೇ ಎಂದು ಯಾರು ಹೇಳಿದ್ದು? ನನ್ನೊಳಗಿನ ದೇವರು ಹೊರಗೆ ಬರುವವರೆಗೆ ಕಾಯುವುದಿಲ್ಲವೇ? ಹೊರಗೆ ಹುಲ್ಲಿದೆ, ಗಾಳಿಯಿದೆ, ಬೇಕಾದಷ್ಟು ಹೊತ್ತಿದೆ. ಅಲ್ಲಿ ಮುಟ್ಟಿ." ಇಷ್ಟು ಹೇಳಿ ಮುಚ್ಚಳ ಹಾಕಿದರು.

ನಾನು ಎಷ್ಟೋ ಪುಸ್ತಕ ಓದಿದವಳು, ಇಷ್ಟು ಹೊಳೆದಿರಲಿಲ್ಲ.

ಮತ್ತೆ ಹೊಗೆ

ಕೊನೆಯ ದಿನ ಬೆಳಿಗ್ಗೆ ಮೆಟ್ಟಿಲನ್ನು ಕೇಸ್ ಹಾಗೆಯೇ ಹಿಮ್ಮುಖವಾಗಿ ಇಳಿದೆ. ಕೇಂದ್ರ ತಲುಪುವವರೆಗೆ ‘ಮೊದಲು ಹೊರಗೆ, ಆಮೇಲೆ’ ಎಂದು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಮೈದಾನದ ಕಡೆ ತಿರುಗಿ ಒಂದು ಸಲ ಕೂಗಿ ನೋಡಿದೆ. ಒಂದು ಹಸು ತಲೆ ಎತ್ತಿತು.

ದೀಪ ಆರಿತು. ಹೊಗೆ ಬಂತು. ಬಾಗಿಲು ತೆಗೆದು ಕೂಗಿದೆ. ಹತ್ತು ಜನ, ಹನ್ನೆರಡು ಜನ ಹೊರಗೆ ಹೋದರು. ಆಮೇಲೆ ಬಂದ ಪ್ರಯಾಣಿಕರೊಬ್ಬರು ಹೊಸ್ತಿಲಲ್ಲಿ ಕೂತು ಎರಡೂ ಕೈಯಿಂದ ಬಾಗಿಲಿನ ಚೌಕಟ್ಟು ಹಿಡಿದುಬಿಟ್ಟರು. ಹೆದರಿ ಕಲ್ಲಾಗುವ ಪ್ರಯಾಣಿಕನ ಪಾತ್ರ ಅದು, ಪ್ರತಿ ಪರೀಕ್ಷೆಯಲ್ಲೂ ಯಾರಿಗಾದರೂ ಕೊಡುತ್ತಾರೆ. ನನ್ನ ಅದೃಷ್ಟಕ್ಕೆ ಕೇಸ್! ಕೂಗಿದೆ, ಕದಲಲಿಲ್ಲ. ಕೈಯಿಂದ ತಳ್ಳಿದೆ, ರೈಲ್ವೆಯಲ್ಲಿ ಗಟ್ಟಿಯಾದ ತೋಳು, ಅಲುಗಲಿಲ್ಲ. ಹಿಂದೆ ಜನ ಒತ್ತುತ್ತಿದ್ದರು. ಸೆಕೆಂಡುಗಳು ಹೋಗುತ್ತಿದ್ದವು. ಪಕ್ಕದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, ಕಾಲೆತ್ತಿ, ಎಪ್ಪತ್ತು ದಾಟಿದ ಆ ಹಿರಿಯರ ಬೆನ್ನಿಗೆ ನನ್ನ ಬೂಟುಗಾಲಿಟ್ಟು ಒದ್ದೆ. ಒದೆಯುವಾಗ ಅಯ್ಯೋ ಶಿವನೇ ಎಂದು ಕೂಗಿದ್ದು ಇಡೀ ಕ್ಯಾಬಿನ್ನಿಗೆ ಕೇಳಿಸಿತಂತೆ. ಕೇಸ್ ಜಾರುಬಂಡೆಯಲ್ಲಿ ಸರ್ರೆಂದು ಹೋದರು.

ಉಳಿದವರೆಲ್ಲ ಹೋದ ಮೇಲೆ ಕೊನೆಗೆ ನಾನು ಜಾರಿದೆ. ಕಾಲು ಹುಲ್ಲಿಗೆ ತಾಗಿದ್ದೇ ತಡ, ಕೇಸ್ ಎಲ್ಲಿ ಎಂದು ಓಡಿದೆ. ಅವರು ಹುಲ್ಲಿನ ಮೇಲೆ ಕೂತು ಬೆನ್ನು ನೀವಿಕೊಳ್ಳುತ್ತಿದ್ದರು. ಮಂಡಿಯೂರಿ ಅವರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಮ್ಮೆಗೆ ಸಮಾಧಾನವಾಗದೆ ಮೂರು ಸಲ ಒತ್ತಿಕೊಂಡೆ. ಯಾರೂ ನನ್ನ ಮೇಲೆ ಬೀಳಲಿಲ್ಲ.

ಹೆಂಕ್ ಗಡಿಯಾರ ನೋಡಿದ. ಸರಿ ಎಂಬಂತೆ ತಲೆ ಆಡಿಸಿದ. ಅವನಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲ. ಕೇಸ್ ಮಾತ್ರ ಎದ್ದು ನಿಂತು ನನ್ನ ಕೈ ಕುಲುಕಿ ಅಭಿನಂದನೆ ಎಂದರು. ಆಮೇಲೆ ಹೆಂಕ್ ಹತ್ತಿರ ಹೋಗಿ, ನಿಮ್ಮ ವಿದ್ಯಾರ್ಥಿಗಾಗಿ ನಿಮಗೂ ಅಭಿನಂದನೆ ಎಂದರು. ಅಳುತ್ತಿದ್ದ ನನಗೂ ನಗು ಬಂತು.

ಮುಂಬಯಿಯಿಂದ ಬೆಂಗಳೂರಿಗೆ

ಪ್ರಮಾಣಪತ್ರ ಚೀಲದಲ್ಲಿತ್ತು, ಹೆದರಿಕೆ ಹೋಗಿರಲಿಲ್ಲ. ಮೂವತ್ತು ಹುಡುಗಿಯರಿಗೆ ಹೇಗೆ ತಿಳಿಸುವುದು ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಮುಂಬಯಿಯಲ್ಲಿ ಬೆಂಗಳೂರಿನ ವಿಮಾನದ ಬಾಗಿಲಿಗೆ ಬಂದರೆ ಎದುರಿಗೆ ಕೈಮುಗಿದು ನಿಂತಿದ್ದವಳು ಮಂಜುಳಾ.

"ಮೇಡಂ!" ಎಂದವಳೇ ಅಲ್ಲಿಯೇ, ಬಾಗಿಲಲ್ಲಿಯೇ, ಬಗ್ಗಿ ನನ್ನ ಕಾಲು ಮುಟ್ಟಿದಳು. ಹಿಂದೆ ಬರುತ್ತಿದ್ದ ದಪ್ಪ ಮನುಷ್ಯ ನನಗೆ ಡಿಕ್ಕಿ ಹೊಡೆದ, ಅವನಿಗೆ ಇನ್ನೊಬ್ಬ. ನನ್ನ ಕಣ್ಣಿಗೆ ಬಿಳಿ ಹೊಗೆ ಕಂಡಿತು.

ವಿಮಾನ ಮೇಲೇರಿ ಕಾಫಿ ಕೊಟ್ಟು ಮುಗಿದ ಮೇಲೆ ಅವಳು ನನ್ನ ಸೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಮಂಜುಳಾ, ಒಂದು ಮಾತು ಕೇಳ್ತೀನಿ. ಹೊಗೆ ತುಂಬಿದೆ, ನಾನು ಬಾಗಿಲಲ್ಲಿ ಹೆದರಿ ಕೂತ್ಬಿಟ್ಟಿದೀನಿ. ಏನ್ಮಾಡ್ತೀಯ?"

"ಕೈಹಿಡಿದು ಎತ್ತೀನಿ ಮೇಡಂ."

"ನನ್ನ ಹಿಂದೆ ನೂರು ಜನ ಇದಾರೆ."

"ಒಂದ್ನಿಮಿಷ ನಿಲ್ಲಿ, ನಮ್ಮ ಮೇಡಂ ಅಂತೀನಿ." ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. "ಕೆಲಸಕ್ಕೆ ಸೇರಿದ್ಮೇಲೆ ಇಲ್ಲೂ ಹೇಳ್ಕೊಟ್ರು, ಕೂಗು ತಳ್ಳು ಅಂತ. ಆದ್ರೆ ನನಗೆ ನಿಮ್ಮ ನೋಟ್ಸೇ ಸರಿ ಅನ್ಸುತ್ತೆ ಮೇಡಂ."

"ನಾನು ತಪ್ಪು ಹೇಳ್ಕೊಟ್ಟೆ ಕಣೇ" ಎಂದೆ. "ಅವತ್ತು ಕೇಳಿದ್ಯಲ್ಲ, ಎಷ್ಟು ಸಲ ವಿಮಾನ ಹತ್ತಿದೀರಾ ಅಂತ. ಒಂದು ಸಲಾನೂ ಹತ್ತಿರಲಿಲ್ಲ."

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಗೊತ್ತಿತ್ತು ಮೇಡಂ. ಕಿವಿ ಕಟ್ಕೊಳ್ಳುತ್ತೆ ಅಂತ ನೀವು ಹೇಳೇ ಇರ್ಲಿಲ್ಲ. ಮೊದಲ್ನೇ ಸಲ ಹತ್ತಿದಾಗ್ಲೇ ನಮಗೆಲ್ಲ ಗೊತ್ತಾಯ್ತು. ಪಾಪ ಮೇಡಂ ಅಂತ ಯಾರೂ ಹೇಳ್ಲಿಲ್ಲ ಅಷ್ಟೇ."

ಭೂಮಿ ಬಾಯಿ ಬಿಡಬಾರದೇ ಎನ್ನಲು ಕೆಳಗೆ ಭೂಮಿಯೂ ಇರಲಿಲ್ಲ. ಎಲ್ಲ ಹೇಳಿದೆ. ಕೇಸ್ ಬಿದ್ದದ್ದು, ನಾನು ಬಗ್ಗಿದ್ದು, ಹನ್ನೊಂದು ಜನ ಸತ್ತದ್ದು, ಒದ್ದದ್ದು, ಹುಲ್ಲಿನ ಮೇಲೆ ಮುಟ್ಟಿದ್ದು. "ಎತ್ತೋಕೆ ನಿಲ್ಬಾರ್ದು. ತಳ್ಬೇಕು. ನಾನೇ ಆಗ್ಲಿ, ನಿಮ್ಮಪ್ಪನೇ ಆಗ್ಲಿ. ನಮಸ್ಕಾರ ಎಲ್ಲ ಹೊರಗೆ ಹೋದ್ಮೇಲೆ." ಅವಳು "ಆಗ್ಲಿ ಮೇಡಂ" ಎಂದಳು. ಹಿರಿಯರ ಮಾತಿಗೆ ಎದುರಾಡಬಾರದೆಂದು ಅಂದ ಆಗಲಿ ಅದು. ಆರು ವರ್ಷ ಪಾಠ ಹೇಳಿದವಳಿಗೆ ಅಷ್ಟು ತಿಳಿಯುತ್ತದೆ.

ವಿಮಾನ ಇಳಿಯಿತು. ನನ್ನ ಕೈಗಳು ಸೀಟಿನ ತೋಳುಗಳನ್ನು ಬಿಟ್ಟದ್ದು ಅದು ಪೂರ್ತಿ ನಿಂತ ಮೇಲೆಯೇ. ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದೆ. ಬಾಗಿಲಿಗೆ ಮೆಟ್ಟಿಲು ಹಚ್ಚಿದ್ದರು, ಅದರ ಮೇಲ್ತುದಿಯಲ್ಲಿ ಅಗಲವಾದ ಒಂದು ಹಲಗೆ. ಚೀಲವನ್ನು ಹೆಗಲಿಗೆ ಹಾಕಿ, ಹಲಗೆಯ ಎರಡೂ ಕಡೆಯ ಕಂಬಿಯನ್ನು ಬಿಗಿಯಾಗಿ ಹಿಡಿದು, ಹೊಸ್ತಿಲ ಒಳಗೇ ನಿಂತೆ. ಎಷ್ಟಾದರೂ ಸುರಕ್ಷತೆಯ ಪಾಠದವಳು.

"ಮಂಜುಳಾ, ನಾನು ಹೋಗಲ್ಲ. ಹೆದರಿ ಕೂತಿದೀನಿ ಅಂದ್ಕೋ. ತಳ್ಳು."

"ಅಯ್ಯೋ, ನಿಮ್ಮನ್ನ ಹೇಗೆ ಮೇಡಂ? ಜನ ನೋಡ್ತಿದಾರೆ."

"ತಳ್ಳು."

"ಬೇಡ ಮೇಡಂ, ಪಾಪ ಬರುತ್ತೆ." ಮೆಟ್ಟಿಲ ಬುಡದಲ್ಲಿ ಆ ದಪ್ಪ ಮನುಷ್ಯ ತಿರುಗಿ ನಿಂತು ನೋಡುತ್ತಿದ್ದ.

ನಾನು ಉಸಿರೆಳೆದುಕೊಂಡೆ. ಮೈದಾನದ ಹಸು ತಲೆ ಎತ್ತಿದ ದನಿಯಲ್ಲಿ, ಇಡೀ ವಿಮಾನ ನಿಲ್ದಾಣಕ್ಕೆ ಕೇಳಿಸುವ ಹಾಗೆ ಕೂಗಿದೆ. "ತಳ್ಳೇ!"

ಬೆನ್ನಿಗೆ ಎರಡು ಅಂಗೈ ಬಿದ್ದವು. ಹೂ ಕಟ್ಟುವ ಮನೆಯ ಹುಡುಗಿಯ ಕೈ ಅಷ್ಟು ಗಟ್ಟಿಯಿರಬಹುದೆಂದು ನನಗೆ ಗೊತ್ತಿರಲಿಲ್ಲ. ಹಲಗೆಯ ಮೇಲೆ ಎರಡು ಹೆಜ್ಜೆ ಮುಗ್ಗರಿಸಿ, ಕಂಬಿ ಹಿಡಿದು ಸಾವರಿಸಿಕೊಂಡು ಹಿಂದೆ ತಿರುಗಿದೆ. ಮಂಜುಳಾ ಬಾಗಿಲಲ್ಲಿ ನಿಂತು, ನನ್ನನ್ನು ತಳ್ಳಿದ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ನಾನು ಹೊರಗಿದ್ದೆ.